ಹೆಜ್ಜೆ ಎಣಿಸುವ ಮುನ್ನ ಶೌಚಾಲಯದ ಕ್ಯೂ ಎಣಿಸಿ

ಪ್ರಶ್ನೆ: ನಮ್ಮದು ಪೀಣ್ಯ ಎರಡನೇ ಹಂತದಲ್ಲಿರುವ ಗಾರ್ಮೆಂಟ್ಸ್ ಕಾರ್ಖಾನೆ. ಫ್ಲೋರ್‌ನಲ್ಲಿ 540 ಜನ, ಅವರಲ್ಲಿ 460 ಮಹಿಳೆಯರು. ಮೇಲಿನ ಆಫೀಸಿನಲ್ಲಿ 40 ಜನ. ನಾನು ಎಚ್‌ಆರ್ ನೋಡಿಕೊಳ್ಳುತ್ತೇನೆ. ಈ ವರ್ಷ ನೌಕರರ ಆರೋಗ್ಯಕ್ಕೆಂದು ಮಾಲೀಕರು ಎಂಟು ಲಕ್ಷ ರೂಪಾಯಿ ತೆಗೆದಿಟ್ಟಿದ್ದಾರೆ. ಒಂದು ಕಂಪನಿಯವರು ಬಂದು ಮೊಬೈಲ್ ಆ್ಯಪ್, ಹೆಜ್ಜೆ ಎಣಿಸುವ ಸ್ಪರ್ಧೆ, ವರ್ಷಕ್ಕೊಂದು ಹೆಲ್ತ್ ಕ್ಯಾಂಪ್, ತಿಂಗಳಿಗೊಂದು ಜುಂಬಾ, ಒತ್ತಡ ನಿರ್ವಹಣೆಯ ಉಪನ್ಯಾಸ ಎಲ್ಲ ಸೇರಿ ಏಳೂವರೆ ಲಕ್ಷ ಎಂದಿದ್ದಾರೆ. ಒಂದು ರೂಪಾಯಿ ಹಾಕಿದರೆ ಮೂರು ರೂಪಾಯಿ ವಾಪಸ್ ಬರುತ್ತದಂತೆ. ಹೋದ ವರ್ಷ ಯೋಗ ದಿನ, ಕ್ಯಾಂಪ್ ಎರಡನ್ನೂ ಮಾಡಿದೆವು. ಫೋಟೊ ಚೆನ್ನಾಗಿ ಬಂತು, ಜನ ರಜೆ ಹಾಕುವುದೇನೂ ಕಡಿಮೆಯಾಗಲಿಲ್ಲ. ಏನು ಮಾಡಿದರೆ ನಿಜಕ್ಕೂ ಉಪಯೋಗ? ಮಾಲೀಕರಿಗೆ ಲೆಕ್ಕ ತೋರಿಸುವುದು ಹೇಗೆ?

ಉತ್ತರ: ಮೇಡಂ, ಸದ್ಯಕ್ಕೆ ಸಹಿ ಹಾಕಬೇಡಿ.

ಮೊದಲು ಆ ಮೂರು ರೂಪಾಯಿಯ ವಿಷಯ ಮುಗಿಸೋಣ. ನಿಮ್ಮ ಮಾಲೀಕರ ಮನಸ್ಸಿನಲ್ಲಿ ನಿಂತಿರುವುದು ಅದೇ ಇರಬೇಕು. 2010ರಲ್ಲಿ ಕ್ಯಾಥರೀನ್ ಬೈಕರ್, ಡೇವಿಡ್ ಕಟ್ಲರ್, ಝಿರುಯಿ ಸಾಂಗ್ ಎಂಬ ಅಮೆರಿಕದ ಮೂವರು ಸಂಶೋಧಕರು ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಇಂಥ ಕಾರ್ಯಕ್ರಮಗಳಿಗೆ ಒಂದು ಡಾಲರ್ ಖರ್ಚು ಮಾಡಿದರೆ ವೈದ್ಯಕೀಯ ವೆಚ್ಚದಲ್ಲಿ 3.27 ಡಾಲರ್, ಗೈರುಹಾಜರಿಯ ನಷ್ಟದಲ್ಲಿ 2.73 ಡಾಲರ್ ಉಳಿಯುತ್ತದೆ ಎಂದು ಬರೆದರು. ಮಾರುವವರ ಕೈಗೆ ಇದಕ್ಕಿಂತ ಒಳ್ಳೆಯ ಅಂಕಿ ಬೇಕೇ? ಅಂದಿನಿಂದ ಅದು ಎಲ್ಲ ಸ್ಲೈಡ್‌ಗಳಲ್ಲೂ ಓಡಾಡುತ್ತಿದೆ.

ಆಮೇಲೆ ನಡೆದದ್ದು ಮಾತ್ರ ಸ್ಲೈಡಿನಲ್ಲಿ ಬರುವುದಿಲ್ಲ. ಅದೇ ಸಾಂಗ್ ಮತ್ತು ಬೈಕರ್ ಮುಂದೆ ಒಂದು ದೊಡ್ಡ ಅಂಗಡಿ ಸರಣಿಯ 160 ಶಾಖೆಗಳಲ್ಲಿ, ಸುಮಾರು 33,000 ನೌಕರರ ನಡುವೆ ಪ್ರಯೋಗ ಮಾಡಿದರು. ಯಾವ ಶಾಖೆಗೆ ಕಾರ್ಯಕ್ರಮ ಸಿಗಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದೂವರೆ ವರ್ಷದ ಕೊನೆಗೆ, ವ್ಯಾಯಾಮ ಮಾಡುತ್ತೇವೆ, ತೂಕದ ಕಡೆ ಗಮನ ಕೊಡುತ್ತೇವೆ ಎಂದು ಬಾಯಲ್ಲಿ ಹೇಳುವವರು ಜಾಸ್ತಿಯಾಗಿದ್ದರು. ಬಿಪಿ, ಕೊಲೆಸ್ಟರಾಲ್, ತೂಕ, ರಜೆ, ಆಸ್ಪತ್ರೆ ಖರ್ಚು ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಇಲಿನಾಯ್ ವಿಶ್ವವಿದ್ಯಾಲಯದ ಸುಮಾರು 5,000 ನೌಕರರ ಮೇಲೆ ನಡೆದ ಇನ್ನೊಂದು ಪ್ರಯೋಗವೂ ಹೊರಬಂತು. ಅದರಲ್ಲಿ ಗುಟ್ಟು ಬಯಲಾಯಿತು: ಕಾರ್ಯಕ್ರಮಕ್ಕೆ ಸೇರಿದವರು ಸೇರುವ ಮೊದಲೇ ಗಟ್ಟಿಮುಟ್ಟಾಗಿದ್ದವರು, ಆಸ್ಪತ್ರೆ ಖರ್ಚು ಕಡಿಮೆ ಇದ್ದವರು. ಸೇರಿದವರನ್ನೂ ಸೇರದವರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಲಾಭ ಕಾಣುತ್ತದೆ. ಚೀಟಿ ಎತ್ತಿ ಹಂಚಿದ ಗುಂಪುಗಳನ್ನು ಹೋಲಿಸಿದರೆ ಆ ಲಾಭ ಕರಗಿಹೋಗುತ್ತದೆ.

ಇನ್ನೊಂದು ಮಾತು. ಅಮೆರಿಕದಲ್ಲಿ ನೌಕರರ ಆಸ್ಪತ್ರೆ ಖರ್ಚು ಬಹುಮಟ್ಟಿಗೆ ಕಂಪನಿಯ ತಲೆಯ ಮೇಲೆ. ನಿಮ್ಮಲ್ಲಿ ತಿಂಗಳ ಸಂಬಳ 21,000 ರೂಪಾಯಿ ದಾಟದವರೆಲ್ಲ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ಅಡಿ ಬರುತ್ತಾರೆ. ಕಂಪನಿ ಕಟ್ಟುವುದು ಸಂಬಳದ 3.25%, ನೌಕರರ ಸಂಬಳದಿಂದ ಮುರಿಯುವುದು 0.75%. ನಿಮ್ಮ ಟೈಲರ್‌ಗಳೆಲ್ಲ ನಾಳೆಯಿಂದ ಕಲ್ಲುಗುಂಡಿನಂತೆ ಇದ್ದರೂ ಆ ವಂತಿಗೆಯಲ್ಲಿ ಒಂದು ಪೈಸೆ ಕಮ್ಮಿಯಾಗುವುದಿಲ್ಲ. ಆಸ್ಪತ್ರೆ ಖರ್ಚಿನ ಉಳಿತಾಯ ಎಂಬ ಬಾಬ್ತು ನಿಮ್ಮ ಮಾಲೀಕರ ಪುಸ್ತಕಕ್ಕೆ ಬರಲು ದಾರಿಯೇ ಇಲ್ಲ. ಬರಬಹುದಾದದ್ದು ಹಾಜರಿ, ಕೆಲಸ ಬಿಟ್ಟು ಹೋಗುವವರ ಸಂಖ್ಯೆ, ಮಧ್ಯಾಹ್ನದ ಮೇಲೆ ಕುಸಿಯುವ ಪೀಸ್ ಲೆಕ್ಕ, ಇಷ್ಟೇ.

ಇನ್ನು ಆ್ಯಪ್. ನಿಮ್ಮಲ್ಲಿ ಫ್ಲೋರ್‌ಗೆ ಮೊಬೈಲ್ ಒಯ್ಯಲು ಬಿಡುತ್ತೀರಾ? ಬಹಳಷ್ಟು ಗಾರ್ಮೆಂಟ್ಸ್‌ಗಳಲ್ಲಿ ಗೇಟಿನಲ್ಲೇ ಲಾಕರ್‌ಗೆ ಹಾಕಿಸುತ್ತಾರೆ. ಲಾಕರ್‌ನಲ್ಲಿರುವ ಫೋನ್ ಯಾರ ಹೆಜ್ಜೆ ಎಣಿಸಬೇಕು? ಒಳಗೆ ಬಿಟ್ಟರು ಎಂದೇ ಇಟ್ಟುಕೊಳ್ಳಿ, ಗೆಲ್ಲುವುದು ಬಂಡಲ್ ಹೊತ್ತು ದಿನವಿಡೀ ಓಡಾಡುವ ಹೆಲ್ಪರ್. ಮೆಷಿನ್ ಮುಂದಿನಿಂದ ಏಳಲು ಅನುಮತಿ ಕೇಳಬೇಕಾದ ಟೈಲರ್‌ಗೆ ಸೋಲು ಖಾತ್ರಿ. ಪಾಪ, ಅವಳು ಮಾಡಿದ ತಪ್ಪೇನು?

ನನಗೆ ಎಂಟು ಲಕ್ಷ ಕೊಟ್ಟು ಏನು ಮಾಡುತ್ತೀರಿ ಎಂದು ಕೇಳಿದರೆ, ನೌಕರರ ಅಭ್ಯಾಸ ತಿದ್ದುವುದಕ್ಕಿಂತ ಮೊದಲು ಅವರ ಒಂಬತ್ತು ಗಂಟೆಯ ದಿನವನ್ನು ತಿದ್ದುತ್ತೇನೆ. ಅದರಲ್ಲಿ ಅರ್ಧಕ್ಕೆ ದುಡ್ಡೇ ಬೇಡ. ಬೇಕಾದದ್ದು ಪ್ರೊಡಕ್ಷನ್ ಮ್ಯಾನೇಜರ್‌ನ ಒಪ್ಪಿಗೆ. ಅದು ಎಂಟು ಲಕ್ಷಕ್ಕಿಂತ ದುಬಾರಿ ಎಂಬುದು ನನಗೂ ಗೊತ್ತು.

ಶೌಚಾಲಯದಿಂದ ಶುರು ಮಾಡಿ. ಕಾರ್ಖಾನೆ ನಿಯಮಗಳ ಹಳೆಯ ಲೆಕ್ಕದಂತೆ 25 ಮಹಿಳೆಯರಿಗೆ ಒಂದು. 460 ಜನಕ್ಕೆ 19 ಆಯಿತು. ಇನ್‌ಸ್ಪೆಕ್ಟರ್ ಬಂದರೆ ಸರಿ ಇದೆ ಎಂದು ಬರೆದುಕೊಂಡು ಹೋಗುತ್ತಾರೆ. ಈಗ ಊಟದ ಬೆಲ್ ಹೊಡೆಯುತ್ತದೆ, ಅರ್ಧ ಗಂಟೆ ಬಿಡುವು, ಎಲ್ಲ ಲೈನ್‌ಗಳೂ, ಅಂದರೆ ಹೊಲಿಗೆ ಮೆಷಿನ್ ಸಾಲುಗಳೂ, ಒಟ್ಟಿಗೆ ಏಳುತ್ತವೆ. ಒಂದೊಂದು ಶೌಚಾಲಯದ ಮುಂದೆ 24 ಜನ. ಒಬ್ಬೊಬ್ಬರಿಗೆ ಮೂರು ನಿಮಿಷ ಎಂದರೂ 72 ನಿಮಿಷ ಬೇಕು. ಇರುವುದು ಮೂವತ್ತು, ಅದರಲ್ಲೇ ಕೈ ತೊಳೆದು ಉಣ್ಣಬೇಕು. ಬಿಡುವಿಲ್ಲದ ಹೊತ್ತಿನಲ್ಲಿ ಏಳೋಣ ಎಂದರೆ ಪೀಸ್ ಗುಡ್ಡೆ ಬೀಳುತ್ತದೆ, ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ. ಹೆಂಗಸರು ಇದಕ್ಕೆ ತಾವೇ ಒಂದು ಉಪಾಯ ಕಂಡುಕೊಂಡಿದ್ದಾರೆ: ನೀರು ಕುಡಿಯದಿರುವುದು. ಬೆಳಗ್ಗೆ ಬಸ್ಸು ಹತ್ತುವ ಮುನ್ನ ಒಂದು ಲೋಟ, ಸಂಜೆ ಮನೆಗೆ ಹೋದ ಮೇಲೆ ಇನ್ನೊಂದು. ಉರಿಮೂತ್ರ, ಪದೇ ಪದೇ ಬರುವ ಮೂತ್ರನಾಳದ ಸೋಂಕು, ಕಿಡ್ನಿ ಕಲ್ಲು, ಮಧ್ಯಾಹ್ನದ ತಲೆನೋವು ಇವಕ್ಕೆಲ್ಲ ಬೇರು ಬಹುಪಾಲು ಇಲ್ಲೇ. ಮುಟ್ಟಿನ ದಿನಗಳಲ್ಲಿ ಪಾಡು ಕೇಳುವುದೇ ಬೇಡ. ಎಷ್ಟೋ ಜನ ಆ ಎರಡು ದಿನ ರಜೆಯನ್ನೇ ಹಾಕಿಬಿಡುತ್ತಾರೆ, ರಿಜಿಸ್ಟರಿನಲ್ಲಿ ಜ್ವರ ಎಂದು ಬರೆಸಿ.

ಹೀಗಿರುವಾಗ ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ ಎಂದು ಗೋಡೆಗೆ ಪೋಸ್ಟರ್ ಅಂಟಿಸುವುದು ಅವರನ್ನು ಹಂಗಿಸಿದ ಹಾಗೆ. ಊಟದ ಬಿಡುವನ್ನು ಲೈನ್ ಲೈನಿಗೆ ಹದಿನೈದು ನಿಮಿಷ ಹಿಂದೆ ಮುಂದೆ ಮಾಡಿ. ಎರಡು ಮೂರು ಲೈನ್‌ಗೆ ಒಬ್ಬರಂತೆ ಬದಲಿ ಕೂರುವ ಟೈಲರ್ ಇಡಿ. ಎದ್ದುಹೋಗಲು ಟೋಕನ್ ಪದ್ಧತಿ ಇದ್ದರೆ ಇವತ್ತೇ ತೆಗೆಯಿರಿ. ಶೌಚಾಲಯದಲ್ಲಿ ಮುಚ್ಚಳವಿರುವ ಬುಟ್ಟಿ, ಸೋಪು, ಬಾಗಿಲಿಗೆ ಸರಿಯಾದ ಚಿಲಕ ಇರಲಿ. ಚಿಲಕ ಇಲ್ಲದೆ ಹೊರಗೊಬ್ಬಳು ಕಾವಲು ನಿಲ್ಲುತ್ತಿದ್ದರೆ ನಿಮ್ಮ ಲೆಕ್ಕದಲ್ಲಿ ಇಬ್ಬರು ಎದ್ದ ಹಾಗೆ. ನೀರಿನ ಮೂಲ ಯಾವುದೆಂದೂ ನೋಡಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಅರ್ಧ ಬೆಂಗಳೂರು ಟ್ಯಾಂಕರ್‌ಗೆ ಕಾದದ್ದು ನೆನಪಿರಬೇಕು. ಟ್ಯಾಂಕರ್ ನೀರು ನೇರ ಕುಡಿಯುವ ನಲ್ಲಿಗೆ ಹೋಗುತ್ತಿದ್ದರೆ ಮೂರು ತಿಂಗಳಿಗೊಮ್ಮೆಯಾದರೂ ಪರೀಕ್ಷೆ ಮಾಡಿಸಬೇಕು.

ಸೆಕೆಯ ವಿಷಯದಲ್ಲಿ ನಮ್ಮೂರಿನವರಿಗೆ ಒಂದು ಭ್ರಮೆ ಇದೆ, ಬೆಂಗಳೂರು ತಂಪು ಎಂದು. 2016ರ ಏಪ್ರಿಲ್‌ನಲ್ಲಿ ಇದೇ ಊರಲ್ಲಿ 39.2 ಡಿಗ್ರಿ ದಾಖಲಾಗಿದೆ. ಶೀಟಿನ ಚಾವಣಿ, ಸ್ಟೀಮ್ ಐರನ್, ಸಾಲು ಸಾಲು ಮೆಷಿನ್ ಮೋಟರ್ ಸೇರಿದರೆ ಒಳಗಿನ ಸೆಕೆ ಹೊರಗಿಗಿಂತ ಜಾಸ್ತಿ. ಇಲ್ಲಿ ನಿಮಗೆ ಮಾಲೀಕರ ಮುಂದೆ ಇಡಲು ನಮ್ಮೂರಿನದೇ ಒಂದು ಸಾಕ್ಷಿ ಇದೆ. ಅಚ್ಯುತ ಅಧ್ವರ್ಯು, ಅನಂತ್ ನ್ಯಷಾಧಮ್ ಮುಂತಾದ ಅರ್ಥಶಾಸ್ತ್ರಜ್ಞರು ಬೆಂಗಳೂರು ಸುತ್ತಮುತ್ತಲ ಗಾರ್ಮೆಂಟ್ಸ್‌ಗಳಲ್ಲಿ ಟ್ಯೂಬ್‌ಲೈಟ್ ಬದಲು ಎಲ್‌ಇಡಿ ಹಾಕಿದ್ದರ ಪರಿಣಾಮ ನೋಡಿದರು. 2020ರಲ್ಲಿ ಅದು ಪ್ರಕಟವಾಯಿತು. ಎಲ್‌ಇಡಿ ಹಾಕಿದ್ದು ಕರೆಂಟ್ ಬಿಲ್ ಉಳಿಸಲು. ಆದರೆ ಅದು ಹೊರಸೂಸುವ ಬಿಸಿ ಕಡಿಮೆಯಾದ್ದರಿಂದ ಸುಡುಬಿಸಿಲಿನ ದಿನಗಳಲ್ಲಿ ಕುಸಿಯುತ್ತಿದ್ದ ಉತ್ಪಾದನೆ ಬಹಳಷ್ಟು ಸುಧಾರಿಸಿತು. ಯಾವ ಟೈಲರ್‌ಗೂ ಯಾರೂ ಏನೂ ಉಪದೇಶ ಮಾಡಿರಲಿಲ್ಲ, ತಲೆಯ ಮೇಲಿನ ಬಲ್ಬ್ ಬದಲಾಗಿತ್ತು. ನಿಮ್ಮಲ್ಲಿ ಎಲ್‌ಇಡಿ ಆಗಿದ್ದರೆ ಮುಂದಿನದು ಚಾವಣಿಗೆ ಬಿಳಿ ಬಣ್ಣ, ಇಸ್ತ್ರಿ ವಿಭಾಗಕ್ಕೆ ಎಗ್ಸಾಸ್ಟ್ ಫ್ಯಾನ್, ನಿಂತು ಕೆಲಸ ಮಾಡುವ ಇಸ್ತ್ರಿಯವರ ಕಾಲಡಿಗೆ ರಬ್ಬರ್ ಮ್ಯಾಟ್. ಹಾಗೇ ಟೈಲರ್‌ಗಳ ಸ್ಟೂಲ್ ನೋಡಿ. ಬೆನ್ನಿಗೆ ಆಸರೆ ಇಲ್ಲದ ಒಂದೇ ಎತ್ತರದ ಸ್ಟೂಲಿನ ಮೇಲೆ ಐದಡಿಯವಳೂ ಐದೂಮುಕ್ಕಾಲು ಅಡಿಯವನೂ ಕೂತರೆ ಇಬ್ಬರಲ್ಲಿ ಒಬ್ಬರಿಗಾದರೂ ಕುತ್ತಿಗೆ ಹಿಡಿಯಲೇಬೇಕು.

ಈಗ ರಕ್ತಹೀನತೆ. ಫ್ಲೋರ್‌ನಲ್ಲಿ ನಾನು ಹೆಚ್ಚು ಹೊತ್ತು ಕೊಡುವುದು ಇದಕ್ಕೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು 48% ಮಂದಿಗೆ ರಕ್ತಹೀನತೆ ಇದೆ. ನಿಮ್ಮ 460 ಜನರಲ್ಲಿ ಇನ್ನೂರಕ್ಕೂ ಮಿಕ್ಕಿ ಇದ್ದರೆ ಆಶ್ಚರ್ಯವಿಲ್ಲ. ಸುಸ್ತು, ಏದುಸಿರು, ಮೂರು ಗಂಟೆಯ ಮೇಲೆ ಕಣ್ಣು ಮಂಜಾಗಿ ಹೊಲಿಗೆ ತಪ್ಪುವುದು, ಸೋಮವಾರ ಬರದಿರುವುದು ಇವುಗಳನ್ನೆಲ್ಲ ಸೂಪರ್‌ವೈಸರ್ ಸೋಮಾರಿತನದ ಖಾತೆಗೆ ಬರೆಯುತ್ತಾನೆ.

ಇದಕ್ಕೆ ಮದ್ದು ಅಗ್ಗ, ನಿಷ್ಠೆ ಮಾತ್ರ ಬೇಕು. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದ ಮಹಿಳೆಯರಿಗೆ ವೈದ್ಯರ ಸಲಹೆಯಂತೆ ಮೂರು ತಿಂಗಳಾದರೂ ಕಬ್ಬಿಣಾಂಶದ ಮಾತ್ರೆ, ಜೊತೆಗೆ ಜಂತುಹುಳುವಿನ ಮಾತ್ರೆ. 8ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಕೊಟ್ಟು ಕಳಿಸದೆ ಆಸ್ಪತ್ರೆಗೆ ಕಳಿಸಿ, ಅತಿಯಾದ ಮುಟ್ಟಿನ ಸ್ರಾವದಂಥ ಕಾರಣ ಹುಡುಕಬೇಕಾಗುತ್ತದೆ. ಉಳಿದವರಿಗೆ ಸರ್ಕಾರದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ವಾರಕ್ಕೊಂದು ಮಾತ್ರೆ ಸಾಕು. ಅದು ಉಚಿತ, ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದವರ ಜೊತೆ ಮಾತಾಡಿ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸಬಹುದು ಎಂಬುದನ್ನು ಮೊದಲೇ ಹೇಳದಿದ್ದರೆ ಎರಡನೇ ವಾರಕ್ಕೆ ಮಾತ್ರೆಗಳೆಲ್ಲ ಕಸದ ಬುಟ್ಟಿಯಲ್ಲಿರುತ್ತವೆ. ರಾತ್ರಿ ಊಟದ ನಂತರ ತೆಗೆದುಕೊಳ್ಳಲು ಹೇಳಿ.

ಇದರ ಜೊತೆಗೇ ಬಿಡಿಗಾಸಿಲ್ಲದೆ ಮಾಡಬಹುದಾದ ಒಂದು ಬದಲಾವಣೆ ಇದೆ. ಊಟವಾದ ಕೂಡಲೇ ಟೀ ಕೊಡುವ ಪದ್ಧತಿ ಇದ್ದರೆ ಅದನ್ನು ಒಂದು ಗಂಟೆ ಮುಂದಕ್ಕೆ ಹಾಕಿ. ಟೀ ಊಟದ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆಹಣ್ಣು ಹಿಂಡಿದ ಕೋಸಂಬರಿ ಅದರ ತದ್ವಿರುದ್ಧ, ಹತ್ತಲು ಸಹಾಯ ಮಾಡುತ್ತದೆ. ರಾಗಿ ತಿಂದರೆ ರಕ್ತ ಹೆಚ್ಚುತ್ತದೆ ಎಂದು ಕ್ಯಾಂಟೀನ್‌ನವರು ನಿಮಗೆ ಹೇಳಿಯಾರು. ರಾಗಿಯ ಹೆಚ್ಚುಗಾರಿಕೆ ಇರುವುದು ಸುಣ್ಣದ (ಕ್ಯಾಲ್ಸಿಯಂ) ಅಂಶದಲ್ಲಿ, 100 ಗ್ರಾಂಗೆ 300 ಮಿಲಿಗ್ರಾಂಗೂ ಮಿಕ್ಕಿ ಇದೆ. ಕಬ್ಬಿಣಕ್ಕೆ ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಮುದ್ದೆ ಇರಲಿ, ಜೊತೆಗೆ ಸೊಪ್ಪಿನ ಸಾರು, ಹುರುಳಿ, ಮೊಳಕೆಕಾಳು, ತಿನ್ನುವವರಿಗೆ ಮೊಟ್ಟೆ ಇರಲಿ.

ಊಟದ ಡಬ್ಬಿಗಳನ್ನು ಒಂದು ದಿನ ಸುಮ್ಮನೆ ಗಮನಿಸಿ. ಬೆಳಗ್ಗೆ ಐದಕ್ಕೆ ಎದ್ದು, ಮಕ್ಕಳಿಗೂ ಗಂಡನಿಗೂ ಕಟ್ಟಿಕೊಟ್ಟು, ಏಳಕ್ಕೆ ಮನೆ ಬಿಟ್ಟವಳ ಡಬ್ಬಿಯಲ್ಲಿ ಚಿತ್ರಾನ್ನವೋ ಟೊಮೆಟೊ ಬಾತೋ ಇರುತ್ತದೆ. ತಿಂಡಿ ತಿಂದಿರುವುದಿಲ್ಲ, ತಿಂಡಿಯೂ ಅದೇ, ಊಟವೂ ಅದೇ. ಹತ್ತು ಗಂಟೆಗೆ ಒಂದು ಹಿಡಿ ಹುರಿಗಡಲೆ, ಬೇಯಿಸಿದ ಕಡಲೆಕಾಳು ಅಥವಾ ಮೊಟ್ಟೆ ಕೊಟ್ಟರೆ ಹೊಟ್ಟೆಗೂ ಕೆಲಸಕ್ಕೂ ಆಗುವ ವ್ಯತ್ಯಾಸ ಯಾವ ಉಪನ್ಯಾಸದಿಂದಲೂ ಆಗದು. ಕ್ಯಾಂಟೀನ್ ವಿಷಯದಲ್ಲಿ ಕಾನೂನೂ ಬದಲಾಗಿದೆ. 1948ರ ಕಾರ್ಖಾನೆ ಕಾಯಿದೆಯಲ್ಲಿ 250 ಕಾರ್ಮಿಕರು ದಾಟಿದರೆ ಎಂದಿತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೃತ್ತಿ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯಲ್ಲಿ 100 ಆದರೂ ಸಾಕು, ಗುತ್ತಿಗೆಯವರೂ ಲೆಕ್ಕಕ್ಕೆ ಬರುತ್ತಾರೆ. ಆದ್ದರಿಂದ ಕ್ಯಾಂಟೀನ್ ಎಂಬುದು ಮಾಲೀಕರ ಔದಾರ್ಯದ ಬಾಬ್ತಲ್ಲ, ಆ ಖರ್ಚನ್ನು ಈ ಎಂಟು ಲಕ್ಷಕ್ಕೆ ತುರುಕಲು ಬಿಡಬೇಡಿ.

ಹೆಲ್ತ್ ಕ್ಯಾಂಪ್ ಕುರಿತು ನನ್ನ ಅಭಿಪ್ರಾಯ ಸ್ವಲ್ಪ ಕಟು. ಕ್ಯಾಂಪ್ ಮಾಡುವುದು ಸುಲಭ, ಆಮೇಲಿನದು ಕಷ್ಟ, ಆಮೇಲಿನದನ್ನು ಯಾರೂ ಮಾಡುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ವಯಸ್ಕರಲ್ಲಿ 35.5% ಮಂದಿಗೆ ರಕ್ತದೊತ್ತಡ. ನಿಮ್ಮ ಕ್ಯಾಂಪಿನಲ್ಲೂ ಸಾಲು ಸಾಲಾಗಿ ಸಿಗುತ್ತಾರೆ. ಸಿಕ್ಕವರ ಕೈಗೆ ಇಂಗ್ಲಿಷಿನ ಒಂದು ರಿಪೋರ್ಟ್ ಕೊಟ್ಟು ಟೆಂಟ್ ಬಿಚ್ಚಿದರೆ ಅವರಿಗೆ ಸಿಕ್ಕಿದ್ದು ಹೆದರಿಕೆ ಮಾತ್ರ. ಮೂವತ್ತು ಬಗೆಯ ಪರೀಕ್ಷೆಯ ಪ್ಯಾಕೇಜ್ ಬೇಡ. ಬಿಪಿ, ಸಕ್ಕರೆ, ಹಿಮೋಗ್ಲೋಬಿನ್, ಸೊಂಟದ ಸುತ್ತಳತೆ, ಕಣ್ಣು ಇಷ್ಟು ನೋಡಿ. ಕಣ್ಣು ಮರೆಯಬೇಡಿ, ನಲವತ್ತು ದಾಟಿದ ಟೈಲರ್‌ಗೆ ಸೂಜಿ ಪೋಣಿಸುವ ಕನ್ನಡಕವೇ ದೊಡ್ಡ ಚಿಕಿತ್ಸೆ. ಬಿಪಿ 140/90 ಒಂದು ಸಲ ಬಂದರೆ ಕಾಯಿಲೆ ಅಲ್ಲ, ಓಡಿಬಂದು ಕ್ಯೂ ನಿಂತು ಸೂಪರ್‌ವೈಸರ್ ನೋಡುತ್ತಿರುವಾಗ ಅಳೆದರೆ ಯಾರಿಗಾದರೂ ಬಂದೀತು. ಬೇರೆ ದಿನ ಕೂರಿಸಿ ಇನ್ನೊಮ್ಮೆ ನೋಡಬೇಕು.

ಲ್ಯಾಬಿನವರು ಸಾಮಾನ್ಯವಾಗಿ ಹೇಳದ ಒಂದು ಸಂಗತಿ: ಕಬ್ಬಿಣಾಂಶದ ಕೊರತೆ ಇದ್ದವರಲ್ಲಿ ಮೂರು ತಿಂಗಳ ಸಕ್ಕರೆಯ ಪರೀಕ್ಷೆ, ಅಂದರೆ ಎಚ್‌ಬಿಎ1ಸಿ, ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇರುವ ಫ್ಲೋರ್‌ನಲ್ಲಿ ಅದೊಂದನ್ನೇ ನಂಬಿ ಯಾರಿಗೂ ಶುಗರ್ ಪಟ್ಟ ಕಟ್ಟಬೇಡಿ. ಖಾಲಿಹೊಟ್ಟೆಯ ಸಕ್ಕರೆ ನೋಡಿ ಖಚಿತಪಡಿಸಲಿ.

ಆಮೇಲಿನದು ಎಂದೆನಲ್ಲ, ಅದಕ್ಕೆ ಇಎಸ್‌ಐ ಇದೆ. ಒಂದು ಲೆಕ್ಕ ಹಾಕಿ. ಸರಾಸರಿ ಸಂಬಳ 14,000 ಎಂದಿಟ್ಟುಕೊಂಡರೆ 540 ಜನಕ್ಕೆ ಎರಡೂ ಕಡೆಯ ವಂತಿಗೆ ಸೇರಿ ತಿಂಗಳಿಗೆ ಮೂರು ಲಕ್ಷ, ವರ್ಷಕ್ಕೆ 36 ಲಕ್ಷ. ನೀವು ಎಂಟು ಲಕ್ಷವನ್ನು ಹೇಗೆ ಖರ್ಚು ಮಾಡಲಿ ಎಂದು ಕೇಳುತ್ತಿದ್ದೀರಿ, 36 ಲಕ್ಷ ಆಗಲೇ ಕಟ್ಟಿ ಕೂತಿದ್ದೀರಿ. ಪೀಣ್ಯದಲ್ಲಿ, ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆ ಇವೆ. ಆದರೂ ನಿಮ್ಮ ಹೆಂಗಸರು ಬೀದಿ ಕೊನೆಯ ಕ್ಲಿನಿಕ್‌ಗೆ ದುಡ್ಡು ಕೊಟ್ಟು ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ, ಯಾಕೆಂದರೆ ಡಿಸ್ಪೆನ್ಸರಿಗೆ ಹೋದರೆ ಒಂದು ದಿನದ ಸಂಬಳ ಹೋಗುತ್ತದೆ. ಕಾರ್ಡಿನಲ್ಲಿ ಹೆಸರು ತಪ್ಪಾಗಿದೆ, ಮಗುವಿನ ಹೆಸರು ಸೇರಿಸಿಲ್ಲ, ಆಧಾರ್ ಹೊಂದುತ್ತಿಲ್ಲ. ಕಾಯಿಲೆ ರಜೆಗೆ 91 ದಿನದವರೆಗೆ ಸಂಬಳದ 70% ಸಿಗುತ್ತದೆ, ಅದಕ್ಕೆ ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನ ವಂತಿಗೆ ಬಿದ್ದಿರಬೇಕು ಎಂಬುದು ಎಷ್ಟು ಜನಕ್ಕೆ ಗೊತ್ತು? ಒಡಿಶಾ, ಜಾರ್ಖಂಡ್‌ನಿಂದ ಬಂದು ಹಾಸ್ಟೆಲ್‌ನಲ್ಲಿರುವ ಹುಡುಗಿಯರಿಗಂತೂ ಭಾಷೆಯ ತೊಡಕು ಬೇರೆ. ತಿಂಗಳಿಗೆ ಅರ್ಧ ದಿನ ಸಂಬಳ ಸಹಿತ ಬಿಡುವು, ಕಾರ್ಡ್ ಸರಿಪಡಿಸಲು ಒಬ್ಬ ಗುಮಾಸ್ತರು, ಗುಂಪಾಗಿ ಹೋಗಲು ಕಂಪನಿಯ ವ್ಯಾನ್. ಇಷ್ಟಾದರೆ ಕ್ಯಾಂಪಿನಲ್ಲಿ ಸಿಕ್ಕವರು ಚಿಕಿತ್ಸೆಯಲ್ಲಿ ಉಳಿಯುತ್ತಾರೆ. ಹೊಸ ಸಂಹಿತೆಯಲ್ಲಿ ನಲವತ್ತು ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆಯೂ ಬಂದಿದೆ. ಅದನ್ನೇ ಈ ವ್ಯವಸ್ಥೆಗೆ ಜೋಡಿಸಿಕೊಳ್ಳಿ.

ರಿಪೋರ್ಟ್ ಯಾರ ಕೈಗೆ ಹೋಗಬೇಕು? ನಿಮ್ಮ ಕೈಗೂ ಬೇಡ. ಹೆಸರು ಸಹಿತ ಎಕ್ಸೆಲ್ ಹಾಳೆಯನ್ನು ಎಚ್‌ಆರ್‌ಗೆ ಇಮೇಲ್ ಮಾಡುವ ಕ್ಯಾಂಪ್ ಕಂಪನಿಗಳಿವೆ. ಅದು ಫ್ಲೋರ್‌ನಲ್ಲಿ ಗೊತ್ತಾದ ಮರುದಿನದಿಂದ ಯಾರೂ ನಿಜ ಹೇಳುವುದಿಲ್ಲ. ಒಬ್ಬೊಬ್ಬರದು ಮುಚ್ಚಿದ ಲಕೋಟೆಯಲ್ಲಿ ಅವರವರಿಗೆ, ನಿಮಗೆ ಒಟ್ಟು ಸಂಖ್ಯೆ ಮಾತ್ರ. ಗರ್ಭಪರೀಕ್ಷೆಯನ್ನು ಪ್ಯಾಕೇಜಿನಲ್ಲಿ ಸೇರಿಸಲು ಬಿಡಬೇಡಿ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆ ಕೇಳುವುದು 2017ರ ಎಚ್‌ಐವಿ ಕಾಯಿದೆಯಂತೆ ನಿಷಿದ್ಧ.

ಒತ್ತಡ ನಿರ್ವಹಣೆ ಉಪನ್ಯಾಸದ ಬಗ್ಗೆ. ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿ ಇಟ್ಟುಕೊಂಡು ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧ್ಯಾನದ ಆ್ಯಪ್, ಒತ್ತಡ ನಿಭಾಯಿಸುವ ತರಬೇತಿ ಇತ್ಯಾದಿ ಪಡೆದವರ ಮನಸ್ಸು ಪಡೆಯದವರಿಗಿಂತ ಹೆಚ್ಚು ನೆಮ್ಮದಿಯಾಗಿ ಏನೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯಲ್ಲಿ ಕೆಲಸದ ವ್ಯವಸ್ಥೆಯನ್ನು ಸರಿಪಡಿಸುವುದಕ್ಕೂ ಮೇಲ್ವಿಚಾರಕರಿಗೆ ತರಬೇತಿ ಕೊಡುವುದಕ್ಕೂ ಒತ್ತು ಇದೆ. ಗಾರ್ಮೆಂಟ್ಸ್ ಭಾಷೆಯಲ್ಲಿ ಹೇಳುವುದಾದರೆ, ಬೈಗುಳ ನಿಲ್ಲಬೇಕು. ಗಂಟೆ ಗಂಟೆಗೆ ಟಾರ್ಗೆಟ್ ಬೋರ್ಡ್ ಮುಂದೆ ನಿಲ್ಲಿಸಿ ಎಲ್ಲರೆದುರು ಹೆಸರು ಹಿಡಿದು ಕಿರುಚುವ ಸೂಪರ್‌ವೈಸರ್ ಇರುವಾಗ ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದು ಹೇಳಿಕೊಡುವುದು ಯಾರ ಉಪಯೋಗಕ್ಕೆ? ಉಪನ್ಯಾಸದ ದುಡ್ಡಿನಲ್ಲಿ ಸೂಪರ್‌ವೈಸರ್‌ಗಳಿಗೆ ತರಬೇತಿ ಕೊಡಿಸಿ. ಅವರ ಮೇಲೂ ಶಿಪ್‌ಮೆಂಟ್ ದಿನಾಂಕದ ಕತ್ತಿ ತೂಗುತ್ತಿರುತ್ತದೆ, ಅವರನ್ನು ಖಳರನ್ನಾಗಿ ಮಾಡಿ ಪ್ರಯೋಜನವಿಲ್ಲ. ದೂರು ಹೇಳಲು ದಾರಿ ಇರಲಿ, ಹೆಸರು ಬರೆಯದೆ ಹೇಳುವ ದಾರಿ. ಎಲ್‌ಇಡಿ ಅಧ್ಯಯನ ಮಾಡಿದ ಸಂಶೋಧಕರ ತಂಡವೇ ಭಾರತದ ಗಾರ್ಮೆಂಟ್ಸ್‌ನಲ್ಲಿ ಮಾಡಿದ ಇನ್ನೊಂದು ಪ್ರಯೋಗದಲ್ಲಿ, ನಿರೀಕ್ಷೆಗಿಂತ ಕಡಿಮೆ ಸಂಬಳ ಏರಿದ ವರ್ಷ ಅಭಿಪ್ರಾಯ ಹೇಳಿಕೊಳ್ಳಲು ಅವಕಾಶ ಸಿಕ್ಕವರು ಕೆಲಸ ಬಿಡುವ ಪ್ರಮಾಣ ಕಡಿಮೆಯಾಯಿತು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯ ಆಂತರಿಕ ಸಮಿತಿ ಕಾಗದದಲ್ಲಿ ಮಾತ್ರ ಇದ್ದರೆ ಅದನ್ನೂ ಎಬ್ಬಿಸಿ. ಮನಸ್ಸು ತೀರಾ ಕುಗ್ಗಿದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆ ನಂಬರನ್ನು ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿ. ನೋಟಿಸ್ ಬೋರ್ಡಿನ ಮುಂದೆ ನಿಂತು ಯಾರೂ ಬರೆದುಕೊಳ್ಳುವುದಿಲ್ಲ.

ತಂಬಾಕು ಬಿಡಬೇಕೆನ್ನುವವರಿಗೆ 1800-11-2356 ಇದೆ. ಇಸ್ತ್ರಿ, ಕಟಿಂಗ್, ಲೋಡಿಂಗ್ ವಿಭಾಗದ ಗಂಡಸರಿಗೆ ಇದನ್ನು ಒಮ್ಮೆ ಹೇಳಿದರೆ ಸಾಲದು.

ಮೇಲಿನ ಆಫೀಸಿನ ನಲವತ್ತು ಜನಕ್ಕೆ ಬೇಕಿರುವುದೇ ಬೇರೆ. ಬಯ್ಯರ್‌ಗಳ ರಾತ್ರಿ ಹತ್ತು ಗಂಟೆಯ ಕಾಲ್‌ಗಳಿಗೆ ಒಂದು ಮಿತಿ ಹಾಕಿ. ವಾರಕ್ಕೆ 55 ಗಂಟೆ ಅಥವಾ ಮೇಲ್ಪಟ್ಟು ದುಡಿಯುವವರಿಗೆ 35–40 ಗಂಟೆಯವರಿಗಿಂತ ಪಾರ್ಶ್ವವಾಯುವಿನ ಅಪಾಯ 35% ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಹೇಳಿವೆ. ಯೋಗ ದಿನ ಬೇಕಿದ್ದರೆ ಮಾಡಿ, ಜನಕ್ಕೆ ಖುಷಿಯಾಗುತ್ತದೆ. ಖುಷಿಗೆ ಮಾಡಿ, ಆರೋಗ್ಯ ಕಾರ್ಯಕ್ರಮ ಎಂದು ಲೆಕ್ಕಕ್ಕೆ ಬರೆಯಬೇಡಿ.

ಇನ್ನು ದುಡ್ಡು. ಒಬ್ಬ ನರ್ಸ್ ಅನ್ನು ಪೂರ್ಣಾವಧಿಗೆ ನೇಮಿಸಿ, ತಿಂಗಳಿಗೆ 22,000 ಎಂದರೆ ವರ್ಷಕ್ಕೆ 2.64 ಲಕ್ಷ. ಕನ್ನಡದ ಜೊತೆ ಹಿಂದಿಯೂ ಬರುವವರಾದರೆ ಒಳ್ಳೆಯದು. ಮಾತ್ರೆ ನುಂಗಿದರೋ ಇಲ್ಲವೋ, ಬಿಪಿ ಮತ್ತೆ ನೋಡಿಸಿಕೊಂಡರೋ ಇಲ್ಲವೋ ಎಂದು ಬೆನ್ನು ಹತ್ತುವುದು ಅವರ ಕೆಲಸ. ಇಡೀ ಯೋಜನೆ ನಿಲ್ಲುವುದು ಈ ಒಬ್ಬರ ಮೇಲೆ, ಇಲ್ಲಿ ಜುಗ್ಗತನ ಬೇಡ. ವಾರಕ್ಕೆ ಎರಡು ದಿನ ಮೊಟ್ಟೆ ಅಥವಾ ಕಾಳು, ತಲೆಗೆ ಏಳು ರೂಪಾಯಿಯಂತೆ 540 ಜನಕ್ಕೆ ವರ್ಷದ ಐವತ್ತು ವಾರ ಎಂದರೆ 3.78 ಲಕ್ಷ. ದಿನಾ ಕೊಡಲು ಈ ದುಡ್ಡು ಸಾಲದು, ಅದು ಕ್ಯಾಂಟೀನ್ ಗುತ್ತಿಗೆಯಲ್ಲಿ ಬರಬೇಕು. ಉಳಿದ ಒಂದೂವರೆ ಲಕ್ಷ ಚಿಲ್ಲರೆಯಲ್ಲಿ ಬಿಪಿ ಮೆಷಿನ್, ಹಿಮೋಗ್ಲೋಬಿನ್ ಮೀಟರ್, ಕನ್ನಡಕ, ಸ್ಟೂಲಿನ ಕುಶನ್. ಬದಲಿ ಟೈಲರ್, ಚಾವಣಿ ಬಣ್ಣ, ಫ್ಯಾನ್ ಪ್ರೊಡಕ್ಷನ್ ಖಾತೆಯಲ್ಲಿ ಹೋಗಲಿ, ಅವು ಅಲ್ಲಿಯವೇ. ಹತ್ತಿ ಧೂಳು, ಶಬ್ದದ ಮಟ್ಟ ಅಳೆಯುವ ಬಗ್ಗೆ ಸಲಹೆ ಬೇಕಾದರೆ ಐಸಿಎಂಆರ್‌ನ ಪ್ರಾದೇಶಿಕ ವೃತ್ತಿ ಆರೋಗ್ಯ ಕೇಂದ್ರ ದೇವನಹಳ್ಳಿ ಕಡೆ ಇದೆ, ಪತ್ರ ಬರೆಯಿರಿ.

ಮಾಲೀಕರಿಗೆ ಲೆಕ್ಕ ತೋರಿಸಲು ಅಮೆರಿಕದವರ ದಾರಿಯನ್ನೇ ಸಣ್ಣದಾಗಿ ಅನುಸರಿಸಿ. ಎಲ್ಲ ಲೈನ್‌ಗಳಲ್ಲೂ ಒಟ್ಟಿಗೆ ಶುರು ಮಾಡಬೇಡಿ. ಲೈನ್ ನಂಬರ್‌ಗಳನ್ನು ಚೀಟಿಯಲ್ಲಿ ಬರೆದು ಅರ್ಧವನ್ನು ಎತ್ತಿ. ಬಿಡುವಿನ ಹೊಸ ವೇಳೆ, ಬದಲಿ ಟೈಲರ್, ಹತ್ತು ಗಂಟೆಯ ಕಾಳು, ಸೂಪರ್‌ವೈಸರ್ ತರಬೇತಿ ಆ ಲೈನ್‌ಗಳಿಗೆ ಮೊದಲು, ಉಳಿದವಕ್ಕೆ ಆರು ತಿಂಗಳ ನಂತರ. ರಕ್ತಹೀನತೆಯ ಮಾತ್ರೆ, ಬಿಪಿ ಚಿಕಿತ್ಸೆ ಮಾತ್ರ ಯಾರಿಗೂ ತಡ ಮಾಡುವಂತಿಲ್ಲ, ಅದು ಎಲ್ಲರಿಗೂ ಮೊದಲ ದಿನದಿಂದ. ಹಾಜರಿ, ಕೆಲಸ ಬಿಟ್ಟವರು, ಮಧ್ಯಾಹ್ನ ಮೂರರ ನಂತರದ ಪೀಸ್, ತಪ್ಪು ತಿದ್ದಲು (ಆಲ್ಟರ್‌ಗೆ) ವಾಪಸ್ ಬಂದ ಪೀಸ್ ಇವೆಲ್ಲ ಹೇಗೂ ನಿಮ್ಮ ರಿಜಿಸ್ಟರಿನಲ್ಲಿ ಇವೆ. ಆರು ತಿಂಗಳ ಕೊನೆಗೆ ಎರಡು ಗುಂಪುಗಳನ್ನು ಪಕ್ಕಪಕ್ಕ ಇಟ್ಟು ಮಾಲೀಕರ ಮೇಜಿನ ಮೇಲೆ ಇಡಿ. ವ್ಯತ್ಯಾಸ ಬರದಿದ್ದರೆ ಅದನ್ನೂ ಹಾಗೇ ತೋರಿಸಿ. ಚೀಟಿಯನ್ನು ಮಾತ್ರ ಸೂಪರ್‌ವೈಸರ್‌ಗಳೆಲ್ಲ ಸೇರಿದಾಗ ಅವರ ಎದುರೇ ಎತ್ತಿ. ಇಲ್ಲದಿದ್ದರೆ ನನ್ನ ಲೈನ್ ಯಾಕೆ ಬಿಟ್ಟಿರಿ ಎಂದು ಮರುದಿನ ಬೆಳಗ್ಗೆಯೇ ನಿಮ್ಮ ಕ್ಯಾಬಿನ್ ಮುಂದೆ ನಿಲ್ಲುತ್ತಾರೆ.